ಕ್ಯಾನ್ಸರ್ ಒಳಗೆ ಹೇಗೆ ಹೊಕ್ಕಿತು ಅಂತ ಅಪ್ಪ ಕೇಳುತ್ತಿದ್ದಾರೆ, ಏನು ಹೇಳಲಿ?

ಬೆಟಗೇರಿ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ನಮ್ಮ ಅಪ್ಪ ನೇಕಾರ, ಈಗ 61 ವರ್ಷ. ನಲವತ್ತು ವರ್ಷ ಮಗ್ಗದ ಮೇಲೆ ಕೂತಿದ್ದಾರೆ. ಅಷ್ಟೇ ವರ್ಷದಿಂದ ಎಡಗಡೆ ದವಡೆಯಲ್ಲಿ ಅಡಿಕೆ-ತಂಬಾಕು. ಎರಡು ತಿಂಗಳ ಹಿಂದೆ ಅದೇ ಕಡೆ ಕೆನ್ನೆಯ ಒಳಗೆ ಒಂದು ಹುಣ್ಣು ಕಂಡಿತು. ಉಷ್ಣ ಆಗಿದೆ ಅಂತ ತುಪ್ಪ ಹಚ್ಚಿದೆವು, ಬಿ ಕಾಂಪ್ಲೆಕ್ಸ್ ಗುಳಿಗೆ ಕೊಟ್ಟೆವು. ಅಪ್ಪ ರೊಟ್ಟಿ ಬಿಟ್ಟು ನುಚ್ಚು-ಮಜ್ಜಿಗೆಗೆ ಬಂದರು. ಹುಣ್ಣು ಮಾತ್ರ ಮಾಯಲಿಲ್ಲ. ಹೋದ ವಾರ ಹುಬ್ಬಳ್ಳಿಯಲ್ಲಿ ಹುಣ್ಣಿನ ಚೂರು ತೆಗೆದು ಬಯಾಪ್ಸಿ ಪರೀಕ್ಷೆ ಮಾಡಿದರು. ರಿಪೋರ್ಟಿನಲ್ಲಿ 'ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ, ವೆಲ್ ಡಿಫರೆನ್ಶಿಯೇಟೆಡ್' ಅಂತ ಇದೆ.

ಡಾಕ್ಟರ್ ಸಮಾಧಾನದಿಂದಲೇ ಮಾತಾಡಿದರು. ಆದರೆ ಹೊರಗೆ ಅಷ್ಟೊಂದು ಜನ ಕಾಯುತ್ತಿದ್ದರು, ನನಗೆ ಜಾಸ್ತಿ ಕೇಳಲು ಬಾಯಿ ಬರಲಿಲ್ಲ. ಅಪ್ಪ ಮಾತ್ರ ಮನೆಗೆ ಬಂದಾಗಿನಿಂದ ಒಂದೇ ಮಾತು ಕೇಳುತ್ತಿದ್ದಾರೆ: "ಇದು ಒಳಗ ಹೆಂಗ ಹೊಕ್ಕಿತವ್ವಾ?" ತಮ್ಮ ಗಂಗಾಳ, ಚರಿಗೆ ಬೇರೆ ಇಟ್ಟುಕೊಂಡಿದ್ದಾರೆ. ಮೊಮ್ಮಗಳು ತೊಡೆ ಏರಲು ಬಂದರೆ ಮುಖ ತಿರುಗಿಸುತ್ತಾರೆ. ಅವರಿಗೆ ತಿಳಿಯುವ ಹಾಗೆ ಏನು ಹೇಳಲಿ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಲ್ಯಾಬ್ ಅಕ್ಕ, ಹುಬ್ಬಳ್ಳಿ

ತಂಗಿ, ಮೊದಲು ಆ ಗಂಗಾಳ ಒಳಗೆ ತನ್ನಿ. ಮೊಮ್ಮಗಳನ್ನು ಅಜ್ಜನ ತೊಡೆ ಮೇಲೆ ಕೂರಿಸಿ. ಉಳಿದದ್ದು ಆಮೇಲೆ. ಕ್ಯಾನ್ಸರ್ ಎಂಜಲಿನಿಂದ ಅಂಟುವುದಿಲ್ಲ, ಮುಟ್ಟಿದರೆ ಅಂಟುವುದಿಲ್ಲ, ಒಂದೇ ಚರಿಗೆಯಲ್ಲಿ ನೀರು ಕುಡಿದರೂ ಅಂಟುವುದಿಲ್ಲ.

ನಾನು 22 ವರ್ಷದಿಂದ ಬಯಾಪ್ಸಿ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದರೆ ನಿಮ್ಮ ಅಪ್ಪನ ಹುಣ್ಣಿನಂಥ ಸಾವಿರಾರು ಚೂರುಗಳನ್ನು ಕೈಯಾರೆ ಕೊಯ್ದು ಗಾಜಿನ ಮೇಲೆ ಕೂರಿಸಿದ್ದೇನೆ. ಅದಕ್ಕೇ ನಾನು ಕಂಡದ್ದನ್ನು ಹೇಳುತ್ತೇನೆ.

ಅಪ್ಪನ ಪ್ರಶ್ನೆಗೆ ಉತ್ತರ: ಅದು ಎಲ್ಲಿಂದಲೂ ಹೊಕ್ಕಿಲ್ಲ. ಅವರ ಕೆನ್ನೆಯ ಚರ್ಮವೇ ಅದು. ಅವರದೇ ಕೋಶ.

ನಮ್ಮ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಜೀವಕೋಶ ಇವೆ ಅಂತ ಲೆಕ್ಕ. ಹಳೆಯವು ಸಾಯುತ್ತವೆ, ಹೊಸವು ಹುಟ್ಟುತ್ತವೆ. ಬಾಯಿಯ ಒಳಪದರ ಎರಡು-ಮೂರು ವಾರಕ್ಕೊಮ್ಮೆ ಪೂರ್ತಿ ಹೊಸದಾಗುತ್ತದೆ. ಬಿಸಿ ಚಹಾ ಕುಡಿದು ಸುಟ್ಟ ಬಾಯಿ ತಾನಾಗಿ ಮಾಯುವುದು ಅದಕ್ಕೇ. ಮೂರು ವಾರ ಕಳೆದರೂ ಮಾಯದ ಹುಣ್ಣನ್ನು ತೋರಿಸಿ ಅಂತ ಡಾಕ್ಟರ್‌ಗಳು ಹೇಳುವುದೂ ಅದಕ್ಕೇ.

ಒಂದು ಕೋಶ ಎರಡಾಗಬೇಕಾದರೆ ಒಳಗಿರುವ ಡಿಎನ್ಎಯನ್ನು, ಅಂದರೆ ಕೋಶಕ್ಕೆ ಕೆಲಸ ಹೇಳುವ ಬರಹವನ್ನು, ಪೂರ್ತಿ ನಕಲು ಮಾಡಬೇಕು. ಅದರಲ್ಲಿ ತಾಯಿಯಿಂದ ಬಂದದ್ದು ಸುಮಾರು 300 ಕೋಟಿ ಅಕ್ಷರ, ತಂದೆಯಿಂದ ಬಂದದ್ದೂ ಅಷ್ಟೇ. ಹೊಲದ ಹಳೇ ಉತಾರವನ್ನು ಕೈಯಲ್ಲಿ ಬರೆದು ಕೊಡುತ್ತಿದ್ದ ಕಾಲ ನೆನಪಿದೆಯಾ? ಒಂದು ಗುಂಟೆ ತಪ್ಪು ಬಿತ್ತು ಅಂದರೆ, ಮುಂದೆ ಆ ಪ್ರತಿ ನೋಡಿ ಬರೆದ ಎಲ್ಲ ಉತಾರದಲ್ಲೂ ಅದೇ ತಪ್ಪು. ಮ್ಯುಟೇಶನ್ ಅನ್ನುವ ಮಾತು ನಮ್ಮ ರೈತರಿಗೆಲ್ಲ ತಹಶೀಲ್ದಾರ್ ಕಚೇರಿಯಿಂದ ಗೊತ್ತು. ಕೋಶದ ಬರಹ ಬದಲಾಗುವುದಕ್ಕೂ ಅದೇ ಹೆಸರು.

ತಪ್ಪು ಎಲ್ಲರ ಮೈಯಲ್ಲೂ ದಿನಾ ಬೀಳುತ್ತವೆ. ಆ ಬರಹದಲ್ಲಿ ಒಂದೊಂದು ಕೆಲಸ ಹೇಳುವ ಭಾಗಕ್ಕೆ ಜೀನ್ ಅನ್ನುತ್ತಾರೆ. ತಿದ್ದುವ ಜೀನ್‌ಗಳೂ ಇವೆ. ತಿದ್ದಲು ಆಗದಿದ್ದರೆ ಕೋಶ ತಾನೇ ಸತ್ತು ಜಾಗ ಬಿಡುತ್ತದೆ. ಅಂಥ ತಪ್ಪು 'ಬೆಳೆ' ಎಂದು ಹೇಳುವ ಜೀನ್‌ನಲ್ಲಿ ಬಿದ್ದು ಅದು ಸುಮ್ಮನಾಗದೇ ಹೋದರೆ, 'ಸಾಕು' ಎಂದು ಹೇಳುವ ಜೀನ್ ಅಳಿಸಿ ಹೋದರೆ, ತಿದ್ದುವ ಜೀನ್ ಕೂಡ ಕೆಟ್ಟರೆ, ಆಗ ಆ ಕೋಶ ಯಾರ ಮಾತೂ ಕೇಳುವುದಿಲ್ಲ. ಸಾಯಬೇಕಾದಾಗ ಸಾಯುವುದಿಲ್ಲ. ಅದರ ಮಕ್ಕಳು ಮೊಮ್ಮಕ್ಕಳು ಎಲ್ಲ ಹಾಗೇ.

ಲ್ಯಾಬ್ ಅಕ್ಕ, ಹುಬ್ಬಳ್ಳಿ

ಗಾಜಿನ ಮೇಲೆ ಅದು ಹೇಗೆ ಕಾಣುತ್ತದೆ ಅಂತಲೂ ಬರೆಯುತ್ತೇನೆ. ಇದನ್ನು ನೋಡಿದ ಮೇಲೆಯೇ ನನಗೆ ಕ್ಯಾನ್ಸರ್ ಅರ್ಥವಾದದ್ದು.

ಚೂರು ಕೆಡದ ಹಾಗೆ ಫಾರ್ಮಲಿನ್ ಬಾಟಲಿಯಲ್ಲಿ ಬರುತ್ತದೆ. ಅದರ ನೀರಂಶ ತೆಗೆದು, ಕರಗಿದ ಮೇಣದಲ್ಲಿ ಕೂರಿಸಿ, ತಣ್ಣಗೆ ಮಾಡಿದರೆ ಒಂದು ಪುಟ್ಟ ಬಿಲ್ಲೆ. ಅದೇ 'ಬ್ಲಾಕ್'. ಅದನ್ನು ಯಂತ್ರದಲ್ಲಿ ಹಿಡಿದು ಕೊಯ್ಯುತ್ತೇವೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ನಾಲ್ಕೈದು ಭಾಗದಷ್ಟು ತೆಳು. ಕೊಯ್ದದ್ದು ರಿಬ್ಬನ್ ಹಾಗೆ ಬರುತ್ತದೆ. ಬೆಚ್ಚನೆ ನೀರಿನ ಮೇಲೆ ತೇಲಿಸಿದರೆ ಸುಕ್ಕು ಬಿಡುತ್ತದೆ, ಕೆಳಗಿಂದ ಗಾಜು ಹಿಡಿದು ಎತ್ತಿಕೊಳ್ಳುತ್ತೇವೆ. ಉಸಿರು ಜೋರಾಗಿ ಬಿಟ್ಟರೂ ಹಾರುತ್ತದೆ. ಆಮೇಲೆ ಎರಡು ಬಣ್ಣ: ಕೋಶದ ನಡುವಿನ ಬೀಜ ನೀಲಿ-ನೇರಳೆ, ಉಳಿದದ್ದು ಗುಲಾಬಿ.

ಚೆನ್ನಾಗಿರುವ ಕೆನ್ನೆ ನೋಡಲು ಬಹಳ ಚಂದ. ಬುಡದಲ್ಲಿ ಒತ್ತೊತ್ತಾಗಿ ನಿಂತ ಒಂದು ಸಾಲು. ಮೇಲೆ ಬಂದ ಹಾಗೆಲ್ಲ ಕೋಶ ಚಪ್ಪಟೆಯಾಗುತ್ತ ಬಂದು, ಕೊನೆಗೆ ಖಡಕ್ ರೊಟ್ಟಿ ಒಂದರ ಮೇಲೊಂದು ಒಟ್ಟಿದ ಹಾಗೆ. ಈ ಚಪ್ಪಟೆ ಕೋಶಕ್ಕೇ 'ಸ್ಕ್ವೇಮಸ್' ಅನ್ನುವುದು. ಕೆಡುವಾಗ ಮೊದಲು ಈ ಓರಣ ಹೋಗುತ್ತದೆ. ಬೀಜ ದೊಡ್ಡದಾಗುತ್ತದೆ, ಕಪ್ಪಾಗುತ್ತದೆ, ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಬುಡದಲ್ಲಷ್ಟೇ ಒಡೆದು ಎರಡಾಗಬೇಕಾದ ಕೋಶ ನಡುಮಧ್ಯದಲ್ಲಿ ಒಡೆಯುತ್ತಿರುತ್ತದೆ. ಇದಕ್ಕೆ 'ಡಿಸ್‌ಪ್ಲೇಸಿಯಾ' ಅನ್ನುತ್ತಾರೆ. ಇದಿನ್ನೂ ಕ್ಯಾನ್ಸರ್ ಅಲ್ಲ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆಯಾಗಿ ಕಾಣಬಹುದು, ಹೆಚ್ಚಾಗಿ ನೋವು ಇರುವುದಿಲ್ಲ.

ಆ ಬುಡದ ಸಾಲಿನ ಕೆಳಗೆ ಒಂದು ತೆಳುವಾದ ಪೊರೆ ಇದೆ. ಎಲ್ಲ ಇರುವುದು ಅಲ್ಲೇ. ರಕ್ತನಾಳ ಎಲ್ಲ ಪೊರೆಯ ಕೆಳಗೆ, ಮೇಲೆ ಒಂದೂ ಇಲ್ಲ. ಕೆಟ್ಟ ಕೋಶ ಎಷ್ಟೇ ಇದ್ದರೂ ಪೊರೆಯ ಮೇಲೇ ಇರುವ ತನಕ ಅದಕ್ಕೆ ಬೇರೆ ಕಡೆ ಹೋಗಲು ದಾರಿ ಇಲ್ಲ. ಪೊರೆ ಹರಿದುಕೊಂಡು ಕೆಳಗಿಳಿದ ದಿನ ಅದಕ್ಕೆ ಕಾರ್ಸಿನೋಮಾ ಎಂಬ ಹೆಸರು ಬರುತ್ತದೆ. ಆಮೇಲೆ ಅದು ತನಗೆ ಬೇಕಾದ ರಕ್ತನಾಳವನ್ನು ತನ್ನ ಕಡೆ ಬೆಳೆಸಿಕೊಳ್ಳುತ್ತದೆ. ಬಾಯಿಯದಾದರೆ ಸಾಮಾನ್ಯವಾಗಿ ಮೊದಲು ಕುತ್ತಿಗೆಯ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೋಗುತ್ತದೆ. ಡಾಕ್ಟರ್ ಅಪ್ಪನ ಕುತ್ತಿಗೆ ಒತ್ತಿ ಒತ್ತಿ ನೋಡಿರಬೇಕು, ಅಲ್ವಾ?

'ವೆಲ್ ಡಿಫರೆನ್ಶಿಯೇಟೆಡ್' ಅಂದರೆ ಕೆಟ್ಟ ಕೋಶ ಇನ್ನೂ ತನ್ನ ಮೂಲ ಕಸುಬು ಪೂರ್ತಿ ಮರೆತಿಲ್ಲ ಅಂತ. ಅಂಥ ಸ್ಲೈಡಿನಲ್ಲಿ ಗುಲಾಬಿ ಸುರುಳಿ ಸುರುಳಿ ಕಾಣುತ್ತದೆ. ನಾವು ಕೆರಾಟಿನ್ ಮುತ್ತು ಅನ್ನುತ್ತೇವೆ. ಇದು ಗ್ರೇಡ್. ಸ್ಟೇಜ್ ಬೇರೆ. ಎಷ್ಟು ದೊಡ್ಡದು, ಎಷ್ಟು ಆಳ, ಕುತ್ತಿಗೆಗೆ ಹೋಗಿದೆಯಾ, ದೂರ ಹೋಗಿದೆಯಾ ಅಂತ ಸ್ಕ್ಯಾನ್ ಎಲ್ಲ ನೋಡಿ ಹೇಳುತ್ತಾರೆ. ಇವೆರಡನ್ನು ಕಲಸಿಕೊಂಡು ಹೆದರಬೇಡಿ.

ಧಾರವಾಡ ಮೇಷ್ಟ್ರು

ಅಕ್ಕಾರ, 30 ವರ್ಷ ಜೀವಶಾಸ್ತ್ರ ಕಲಿಸಿದೆ, ಖಡಕ್ ರೊಟ್ಟಿ ಹೊಳೆದಿರಲಿಲ್ಲ. ನಾನು ಎರಡು ಮಾತು ಸೇರಿಸುತ್ತೇನೆ.

ನಮ್ಮ ಹಿರಿಯರು ಇದಕ್ಕೆ ಏಡಿಗಂತಿ ಅನ್ನುತ್ತಿದ್ದರು. ಗ್ರೀಕರು ಕಾರ್ಕಿನೋಸ್ ಅಂದರು, ಅದೂ ಏಡಿಯೇ. ಏಡಿ ಕಾಲು ಚಾಚಿದ ಹಾಗೆ ಗಂಟು ಸುತ್ತಲಿನ ಮಾಂಸಕ್ಕೆ ಕಾಲು ಚಾಚುತ್ತದೆ. ಮಾಮೂಲಿ ಕೊಬ್ಬಿನ ಗಂಟಿಗೂ ಇದಕ್ಕೂ ಇರುವ ಫರಕು ಅದು. ಕೊಬ್ಬಿನ ಗಂಟು ತನ್ನ ಚೀಲದೊಳಗೇ ಕೂತಿರುತ್ತದೆ, ಒತ್ತಿದರೆ ಜಾರುತ್ತದೆ.

ಎರಡನೆಯದು ಕಾಲ. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಒಂದು ವಿಷಯ ಬರೆದ. ಅಲ್ಲಿ ಬಡವರ ಸಣ್ಣ ಹುಡುಗರನ್ನು ಮನೆಯ ಹೊಗೆಗೂಡಿನ ಒಳಗೆ ಇಳಿಸಿ ಮಸಿ ಕೆರೆಸುತ್ತಿದ್ದರು. ಅದೇ ಹುಡುಗರು ದೊಡ್ಡವರಾದ ಮೇಲೆ ಅವರ ವೃಷಣದ ಚರ್ಮಕ್ಕೆ ಕ್ಯಾನ್ಸರ್ ಬರುತ್ತಿತ್ತು. ಮಸಿ ಮೆತ್ತಿದ್ದು ಎಂಟು-ಹತ್ತನೇ ವಯಸ್ಸಿನಲ್ಲಿ, ಗಂಟು ಎದ್ದದ್ದು ಎಷ್ಟೋ ವರ್ಷ ಆದ ಮೇಲೆ. ಪಾಠ ಮಾಡುವಾಗ ಇಲ್ಲಿಗೆ ಬಂದರೆ ನನ್ನ ಗಂಟಲು ಕಟ್ಟುತ್ತಿತ್ತು.

ಒಂದೇ ತಪ್ಪಿನಿಂದ ಕ್ಯಾನ್ಸರ್ ಆಗುವುದಿಲ್ಲ, ಒಂದರ ಮೇಲೊಂದು ಬೀಳಬೇಕು. ಹಾಗಾಗಿ ವಯಸ್ಸಾದಷ್ಟೂ ಜಾಸ್ತಿ. ಒಂದು ಸಣ್ಣ ಲೆಕ್ಕ ಹಾಕಿ. ಒಂದು ಕೋಶ ಎರಡು, ಎರಡು ನಾಲ್ಕು, ಹೀಗೆ 30 ಸಲ ಇಮ್ಮಡಿಯಾದರೆ ನೂರು ಕೋಟಿ ದಾಟುತ್ತದೆ. ಅಷ್ಟಾದರೂ ಗಂಟು ಸುಮಾರು ಒಂದು ಸೆಂಟಿಮೀಟರ್, ಕಡಲೆಕಾಳಿನಷ್ಟು. ಇನ್ನು ಹತ್ತೇ ಸಲ ಇಮ್ಮಡಿಯಾದರೆ ಹತ್ತಿರ ಹತ್ತಿರ ಒಂದು ಕೆಜಿ. ಅಂದರೆ ನಮ್ಮ ಕೈಗೆ ಸಿಗುವ ಹೊತ್ತಿಗೆ ಅದರ ಪಯಣ ಮುಕ್ಕಾಲು ಮುಗಿದಿರುತ್ತದೆ. ಕಡಲೆಕಾಳಿನಷ್ಟು ಇದ್ದಾಗ ತೋರಿಸುವುದಕ್ಕೂ 'ನೋಡೋಣ ಬಿಡು' ಅಂತ ಮುಂದೂಡುವುದಕ್ಕೂ ಎಷ್ಟು ಅಂತರ ಅಂತ ಈ ಲೆಕ್ಕ ಹೇಳುತ್ತದೆ.

ಹಾನಗಲ್ ತೋಟ

ಅಕ್ಕಾರ, ನಮ್ಮದು ಎರಡು ಎಕರೆ ಅಡಿಕೆ. ತಂಬಾಕು ಕೆಟ್ಟದ್ದು ಅಂತ ಗೊತ್ತು, ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಬರೀ ಎಲೆ-ಅಡಿಕೆ-ಸುಣ್ಣದಿಂದ ಏನೂ ಆಗುವುದಿಲ್ಲ ಅಲ್ವಾ? ಊಟ ಆದ ಮೇಲೆ ಅಜ್ಜ-ಮುತ್ತಜ್ಜ ಎಲ್ಲ ಹಾಕಿಕೊಂಡವರೇ.

ಲ್ಯಾಬ್ ಅಕ್ಕ, ಹುಬ್ಬಳ್ಳಿ

ಅಣ್ಣಾರ, ನಿಮ್ಮ ಹೊಟ್ಟೆಪಾಡು ಅದು ಅಂತ ಗೊತ್ತಿದ್ದೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ತಂಬಾಕು ಇಲ್ಲದೆಯೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. ಎರಡೂ ಸೇರಿದರೆ ಇನ್ನೂ ಕೆಟ್ಟದ್ದು.

ಅಡಿಕೆ ಇನ್ನೊಂದು ಕೆಲಸ ಮಾಡುತ್ತದೆ. ಕೆನ್ನೆಯ ಒಳಚರ್ಮದ ಕೆಳಗೆ ನಾರು ಕಟ್ಟಿಸುತ್ತದೆ. ಮೊದಲು ಖಾರ ತಡೆಯುವುದಿಲ್ಲ. ಆಮೇಲೆ ಕೆನ್ನೆ ಬಿಳಿಚಿ ಬಿಗಿಯಾಗುತ್ತದೆ, ಬಾಯಿ ತೆರೆಯಲು ಬರುವುದಿಲ್ಲ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಜೋಡಿಸಿ, ಲಂಬವಾಗಿ ಹಲ್ಲುಗಳ ನಡುವೆ ಇಟ್ಟು ನೋಡಿ. ಎರಡೇ ಹೋದರೆ ತೋರಿಸಬೇಕು. ಅಂಥವರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧ ಆಯಿತು. ಈಗ ಪಾನ್ ಮಸಾಲಾ ಚೀಟು ಬೇರೆ, ತಂಬಾಕಿನ ಚೀಟು ಬೇರೆ. ಹುಡುಗರು ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ. ಚನ್ನಮ್ಮ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ ನಾನು ಇದನ್ನು ದಿನಾ ನೋಡುತ್ತೇನೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹಾನಗಲ್ ತೋಟ

ಓದಿ ಸುಮ್ನೆ ಕೂತುಬಿಟ್ಟೆ. ನಮ್ಮ ತೋಟಕ್ಕೆ ಅಡಿಕೆ ಕೊನೆ ಕೊಯ್ಯಲು ಬರುವ ಹುಡುಗನಿಗೆ 24 ವರ್ಷ. ಇವತ್ತು ಕರೆದು ಬೆರಳು ಇಡಿಸಿದೆ. ಎರಡು ಬೆರಳೂ ಸರಿಯಾಗಿ ಹೋಗಲಿಲ್ಲ. ಊಟ ಮಾಡುವಾಗ ತುತ್ತು ಸಣ್ಣದು ಮಾಡುತ್ತಾನೆ ಅಂತ ನಾವು ನಗುತ್ತಿದ್ದೆವು. ಸೋಮವಾರ ನಾನೇ ಕರೆದುಕೊಂಡು ಹೋಗುತ್ತೇನೆ.

ರಾಣೆಬೆನ್ನೂರು ರೈತ

ನಾವು ಹತ್ತಿಗೆ, ಗೋವಿನಜೋಳಕ್ಕೆ ಎಣ್ಣೆ (ಕೀಟನಾಶಕ, ಕಳೆನಾಶಕ) ಹೊಡೆಯುತ್ತೇವೆ. ಅದರಿಂದಲೂ ಬರುತ್ತದೆ ಅನ್ನುತ್ತಾರೆ. ಮತ್ತೆ ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಒಣಗಿ ಹೋಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ಖರೇನಾ?

ಧಾರವಾಡ ಮೇಷ್ಟ್ರು

ಎಣ್ಣೆಗಳೆಲ್ಲ ಒಂದೇ ಅಲ್ಲ. ಕಸಕ್ಕೆ ಹೊಡೆಯುವ ಗ್ಲೈಫೋಸೇಟ್ ಅನ್ನು 2015ರಲ್ಲಿ ಅದೇ ಸಂಸ್ಥೆ 'ಬಹುಶಃ ಕ್ಯಾನ್ಸರ್ ತರಬಹುದು' ಎಂಬ ಗುಂಪಿಗೆ ಹಾಕಿತು. ಅಡಿಕೆ-ತಂಬಾಕಿನಷ್ಟು ಖಚಿತ ಅಲ್ಲ. ಆದರೂ ಬರಿಮೈಯಲ್ಲಿ ಹೊಡೆಯಬೇಡಿ, ಗಾಳಿಗೆ ಎದುರಾಗಿ ನಿಲ್ಲಬೇಡಿ, ಅದೇ ಕೈಯಲ್ಲಿ ಬುತ್ತಿ ಬಿಚ್ಚಬೇಡಿ.

ಸಕ್ಕರೆಯ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಕ್ಯಾನ್ಸರ್ ಕೋಶ ಗ್ಲೂಕೋಸನ್ನು ಜಾಸ್ತಿ ಎಳೆಯುತ್ತದೆ. ಪೆಟ್ ಸ್ಕ್ಯಾನಿನಲ್ಲಿ ಅದನ್ನೇ ಹಿಡಿಯುವುದು. ಆದರೆ ಮಿದುಳಿಗೂ ಅದೇ ಗ್ಲೂಕೋಸ್ ಬೇಕು. ನೀವು ಸಕ್ಕರೆ ಬಿಟ್ಟರೂ ಮೈ ರೊಟ್ಟಿಯಿಂದ, ಬೇಳೆಯಿಂದ ಅದನ್ನು ಮಾಡಿಕೊಳ್ಳುತ್ತದೆ. ರೋಗಿಯನ್ನು ಉಪವಾಸ ಕೆಡವಿದರೆ ಸೊರಗುವುದು ರೋಗಿಯೇ.

ನವನಗರದ ಅಕ್ಕ

ನನಗೆ ಆರು ವರ್ಷದ ಹಿಂದೆ ಎದೆಯಲ್ಲಿ ಗಂಟಾಗಿತ್ತು. ನೋವು ಇರಲೇ ಇಲ್ಲ. ನೋವಿಲ್ಲ ಅಂತಲೇ ನಾಲ್ಕು ತಿಂಗಳು ಸುಮ್ಮನಿದ್ದೆ. ಆಪರೇಶನ್, ಕೀಮೋ, ಕರೆಂಟು (ರೇಡಿಯೇಶನ್) ಎಲ್ಲ ಆಯಿತು. 21 ದಿನಕ್ಕೊಮ್ಮೆ ಕೀಮೋ. ಎರಡನೇ ಸಲಕ್ಕೆ ಹೋಗುವ ಮೊದಲೇ ತಲೆಗೂದಲು ದಿಂಬಿನ ಮೇಲೆ ಹಿಡಿ ಹಿಡಿ ಬಂತು. ಅವತ್ತು ನರ್ಸ್ ಒಬ್ಬರು ಹೇಳಿದ್ದು ಇವತ್ತಿಗೂ ನೆನಪಿದೆ: ಕೀಮೋ ಬೇಗ ಬೇಗ ಒಡೆಯುವ ಕೋಶವನ್ನು ಹೊಡೆಯುತ್ತದೆ, ಕೂದಲಿನ ಬುಡ, ಬಾಯಿಯ ಒಳಪದರ, ಮೂಳೆಯೊಳಗೆ ರಕ್ತ ಹುಟ್ಟುವ ಜಾಗ ಇವೂ ಬೇಗ ಒಡೆಯುವವೇ, ಹಾಗಾಗಿ ಅವಕ್ಕೂ ಪೆಟ್ಟು. ಒಳ್ಳೆಯವು ಮತ್ತೆ ಚಿಗುರುತ್ತವೆ. ಕಾರಣ ಗೊತ್ತಾದ ಮೇಲೆ ಕನ್ನಡಿ ನೋಡುವುದು ಸ್ವಲ್ಪ ಸುಲಭವಾಯಿತು.

ನನಗೆ ಒಂದು ಚಿಂತೆ. ನನ್ನ ಮಗಳಿಗೂ ಬರುತ್ತಾ?

ಧಾರವಾಡ ಮೇಷ್ಟ್ರು

ಅಕ್ಕಾರ, ಎಲ್ಲ ಕ್ಯಾನ್ಸರ್ ಸೇರಿಸಿ ನೋಡಿದರೆ ನೂರರಲ್ಲಿ ಐದರಿಂದ ಹತ್ತು ಮಾತ್ರ ವಂಶದಿಂದ ಬರುವಂಥವು. ಅಲ್ಲಿಯೂ ಬರುವುದು ಕ್ಯಾನ್ಸರ್ ಅಲ್ಲ, ಮೊದಲೇ ಒಂದು ತಪ್ಪಿರುವ ಜೀನ್. ಬಹುತೇಕ ಎಲ್ಲ ಜೀನ್ ನಮ್ಮಲ್ಲಿ ಎರಡೆರಡು ಪ್ರತಿ ಇರುತ್ತವೆ. 'ಸಾಕು' ಎನ್ನುವ ಜೀನ್‌ನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿದ್ದರೆ, ಇನ್ನೊಂದು ಕೆಟ್ಟರೆ ಮುಗಿಯಿತು. ಉಳಿದವರಲ್ಲಿ ಒಂದೇ ಕೋಶದಲ್ಲಿ ಎರಡೂ ಕೆಡಬೇಕು. ಅಮೆರಿಕದ ವಿಜ್ಞಾನಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮಕ್ಕಳ ಕಣ್ಣಿನ ಕ್ಯಾನ್ಸರ್ ಲೆಕ್ಕ ಹಾಕಿ ಇದನ್ನು ಕಂಡುಕೊಂಡರು. ಸ್ತನದ್ದಕ್ಕೆ ಬಿಆರ್‌ಸಿಎ 1, ಬಿಆರ್‌ಸಿಎ 2 ಎಂಬ ಎರಡು ಜೀನ್ ಮುಖ್ಯ. ನಿಮ್ಮ ತಾಯಿ, ಚಿಗವ್ವ, ಅಕ್ಕತಂಗಿಯರಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಸ್ತನದ್ದೋ ಅಂಡಾಶಯದ್ದೋ ಆಗಿದ್ದರೆ ನಿಮ್ಮ ಡಾಕ್ಟರಿಗೆ ತಪ್ಪದೆ ಹೇಳಿ.

ಮಗಳು ಇನ್ನೂ ಚಿಕ್ಕವಳಾದರೆ ಇನ್ನೊಂದು ಮಾತು. ಗರ್ಭಕೊರಳಿನ ಕ್ಯಾನ್ಸರ್ ಬಹುತೇಕ ಎಲ್ಲವೂ ಎಚ್‌ಪಿವಿ ಎಂಬ ವೈರಸ್‌ನಿಂದ ಶುರುವಾಗುತ್ತದೆ. ಜರ್ಮನಿಯ ವಿಜ್ಞಾನಿ ಹರಾಲ್ಡ್ ಜುರ್ ಹೌಸೆನ್ ಇದನ್ನು ಪತ್ತೆ ಮಾಡಿದ್ದಕ್ಕೆ 2008ರಲ್ಲಿ ನೊಬೆಲ್ ಬಂತು. ಅಲ್ಲಿ ಅಂಟುವುದು ವೈರಸ್, ಕ್ಯಾನ್ಸರ್ ಅಲ್ಲ. ಅದಕ್ಕೆ ಲಸಿಕೆ ಇದೆ, 9ರಿಂದ 14 ವರ್ಷದ ಒಳಗೆ ಹಾಕಿಸಿದರೆ ಒಳ್ಳೆಯದು.

ಬೆಟಗೇರಿ ಮಗಳು

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂದು ಕೇಳಬೇಕಿತ್ತು. ನಮ್ಮ ದೊಡ್ಡಪ್ಪ ಬಂದು, ಬಯಾಪ್ಸಿ ಮಾಡಿಸಿದ್ದೇ ತಪ್ಪು, ಚಾಕು ತಾಗಿದರೆ ಕೆರಳುತ್ತದೆ, ಆಪರೇಶನ್ ಬೇಡ ಅಂತ ಅಪ್ಪನ ತಲೆ ಕೆಡಿಸಿದ್ದಾರೆ.

ಲ್ಯಾಬ್ ಅಕ್ಕ, ಹುಬ್ಬಳ್ಳಿ

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಹೊತ್ತು ಯೋಚಿಸಿದೆ.

ನನ್ನ ಸ್ವಂತ ಕಾಕಾ, ಕುಂದಗೋಳ ಕಡೆಯ ಹಳ್ಳಿ. ನಾಲಿಗೆಯ ಅಂಚಿನಲ್ಲಿ ಗುಲಗಂಜಿಯಷ್ಟು ಗಂಟು. ಯಾರೋ ಹೇಳಿದರು, ಚಾಕು ತಾಗಿಸಬೇಡ. ಎಂಟು ತಿಂಗಳು ಲೇಪ ಹಚ್ಚಿಕೊಂಡರು. ನಾನು ದಿನಾ ಇದೇ ಕೆಲಸ ಮಾಡುವವಳು, ನನಗೆ ಹೇಳಲಿಲ್ಲ. ಹುಡುಗಿ ಹೆದರಿಸ್ತಾಳ ಅಂದರಂತೆ. ಕೊನೆಗೆ ಹುಬ್ಬಳ್ಳಿಗೆ ಬಂದಾಗ ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅವರ ಬ್ಲಾಕ್ ಕೊಯ್ದದ್ದು ನಾನೇ. ಹೆಸರು ನೋಡಿ ಎದ್ದು ಹೋಗಿ ನೀರು ಕುಡಿದು ಬಂದೆ. ಹೊಸ ಬ್ಲೇಡ್ ಹಾಕಿದೆ. ರಿಬ್ಬನ್ ಹರಿಯಿತು. ಇನ್ನೊಂದು ಬ್ಲೇಡ್ ಹಾಕಿದೆ. ಅವರು ಆಮೇಲೆ ಏಳು ತಿಂಗಳು ಇದ್ದರು.

ಕೆರಳಿದ್ದು ಚಾಕುವಿನಿಂದಲ್ಲ ತಂಗಿ, ಎಂಟು ತಿಂಗಳಿನಿಂದ. ಜನ ತಡ ಮಾಡಿ ಬರುತ್ತಾರೆ, ಬಂದ ಮೇಲೆ ಬಯಾಪ್ಸಿ ಆಗುತ್ತದೆ, ಸ್ವಲ್ಪ ದಿನಕ್ಕೆ ತೀರಿಕೊಳ್ಳುತ್ತಾರೆ. ನೋಡಿದವರು ಚಾಕುವಿನ ಮೇಲೆ ಹಾಕುತ್ತಾರೆ. ಬಯಾಪ್ಸಿಯಿಂದ ಹರಡುವುದು ಬಹಳ ಅಪರೂಪ. ವೃಷಣದಂಥ ಜಾಗದಲ್ಲಿ ಡಾಕ್ಟರ್‌ಗಳೇ ಸೂಜಿ ಹಾಕದೆ ನೇರವಾಗಿ ತೆಗೆಯುತ್ತಾರೆ, ಅದು ಅವರಿಗೆ ಗೊತ್ತಿರುವ ವಿಷಯ. ಬಾಯಿಯ ಹುಣ್ಣಿಗೆ ಬಯಾಪ್ಸಿ ಮಾಡದೆ ಮುಂದೆ ಹೋಗಲು ಬರುವುದಿಲ್ಲ.

ಕೇರಳದ ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆ ಮನೆಗೆ ಹೋಗಿ ಬಾಯಿ ತೆರೆಸಿ ನೋಡಿದ್ದರು. ಬೇರೆ ಯಾವ ಮಷಿನ್ನೂ ಇಲ್ಲ. 2005ರಲ್ಲಿ ಫಲಿತಾಂಶ ಬಂತು. ತಂಬಾಕು-ಮದ್ಯದ ಚಟ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಭಾಗ ಕಡಿಮೆ ಆಗಿತ್ತು. ದೊಡ್ಡಪ್ಪನಿಗೆ ಇದನ್ನು ಓದಿ ಹೇಳಿ. ಬೇಕಾದರೆ ನನ್ನ ಕಾಕಾನ ವಿಷಯವನ್ನೂ ಹೇಳಿ.

ಬೆಟಗೇರಿ ಮಗಳು

ಹೇಳಿದೆ ಅಕ್ಕಾರ. ದೊಡ್ಡಪ್ಪ ಏನೂ ಮಾತಾಡದೆ ಎದ್ದು ಹೋದರು.

ಅಪ್ಪನಿಗೆ ಉತಾರದ ಮಾತು ಅಷ್ಟು ಹಿಡಿಸಲಿಲ್ಲ, ನಮಗೆ ಹೊಲ ಇಲ್ಲ. ಹಾಗಾಗಿ ಮಗ್ಗದ ಹತ್ತಿರ ಕರೆದುಕೊಂಡು ಹೋಗಿ ಜಕಾರ್ಡ್ ತೋರಿಸಿದೆ. ಸೀರೆಯ ಅಂಚಿನ ಹೂವು ಬರುವುದು ಆ ರಟ್ಟಿನ ಕಾರ್ಡಿನ ತೂತುಗಳಿಂದ. ಒಂದು ತೂತು ತಪ್ಪು ಬಿದ್ದರೆ ತಪ್ಪು ಎಳೆ ಮೇಲೇಳುತ್ತದೆ, ಸುತ್ತು ಬಂದಾಗೆಲ್ಲ ಅದೇ ಜಾಗದಲ್ಲಿ ಅದೇ ತಪ್ಪು. ಅಪ್ಪ, ನಿಮ್ಮ ಕೆನ್ನೆಯ ಕೋಶದ ಕಾರ್ಡಿನಲ್ಲಿ ಹೀಗೆ ನಾಲ್ಕಾರು ತೂತು ತಪ್ಪಿವೆ, ನೂಲು ನಿಮ್ಮದೇ ಅಂದೆ. ಬಹಳ ಹೊತ್ತು ಕಾರ್ಡಿನ ಮೇಲೆ ಬೆರಳಾಡಿಸುತ್ತ ಕೂತರು. ಆಮೇಲೆ ಕೇಳಿದರು: "ಹಂಗಾದ್ರ ಕಾರ್ಡ್ ಬದಲ ಮಾಡಾಕ ಬರೂದಿಲ್ಲೇನು?" ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮೊಮ್ಮಗಳು ಆಗಲೇ ತೊಡೆ ಏರಿದ್ದಳು. ಇಳಿಸಲಿಲ್ಲ.

ಲ್ಯಾಬ್ ಅಕ್ಕ, ಹುಬ್ಬಳ್ಳಿ

ಎಷ್ಟು ಒಳ್ಳೆಯ ಪ್ರಶ್ನೆ ಕೇಳಿದ್ದಾರೆ ನಿಮ್ಮ ಅಪ್ಪ! ದೊಡ್ಡ ದೊಡ್ಡ ವಿಜ್ಞಾನಿಗಳು ಕೇಳಿದ್ದೂ ಇದನ್ನೇ.

ಕೋಟಿಗಟ್ಟಲೆ ಕೋಶದಲ್ಲಿ ಒಂದೊಂದರ ಕಾರ್ಡನ್ನೂ ತೆಗೆದು ಬೇರೆ ಹಾಕಲು ಇನ್ನೂ ಬರುವುದಿಲ್ಲ. ಆದರೆ ತಪ್ಪು ತೂತಿನಿಂದ ಮೇಲೇಳುವ ಎಳೆಯನ್ನು ಹಿಡಿದು ನಿಲ್ಲಿಸುವ ಔಷಧಿ ಕೆಲವು ಕ್ಯಾನ್ಸರಿಗೆ ಬಂದಿವೆ. ಒಂದು ಬಗೆಯ ರಕ್ತದ ಕ್ಯಾನ್ಸರಿಗೆ 2001ರಲ್ಲಿ ಇಮಾಟಿನಿಬ್ ಎಂಬ ಗುಳಿಗೆ ಬಂತು. ಎಷ್ಟೋ ಜನ ಅದನ್ನು ದಿನಾ ತಗೊಂಡು ಕೆಲಸಕ್ಕೆ ಹೋಗುತ್ತ ಆರಾಮಾಗಿದ್ದಾರೆ. ಬಾಯಿಯದಕ್ಕೆ ಈಗಲೂ ಹೆಚ್ಚಾಗಿ ಮೊದಲು ಮಾಡುವುದು ಆಪರೇಶನ್ನೇ. ಕೆಟ್ಟ ಭಾಗವನ್ನು ಸುತ್ತಲಿನ ಒಳ್ಳೆಯ ಅಂಚಿನ ಸಮೇತ ಕತ್ತರಿಸಿ ತೆಗೆಯುತ್ತಾರೆ. ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕಾಗಬಹುದು. ತೆಗೆದದ್ದರ ಅಂಚು ನಮ್ಮಂಥವರ ಟೇಬಲ್ಲಿಗೆ ಬರುತ್ತದೆ. ಅಂಚಿನಲ್ಲಿ ಕೆಟ್ಟ ಕೋಶ ಉಳಿದಿದೆಯಾ, ಎಷ್ಟು ಆಳ ಇಳಿದಿತ್ತು ಅಂತ ನೋಡಿದ ಮೇಲೆ ಕರೆಂಟು ಬೇಕಾ ಬೇಡವಾ ಅಂತ ತೀರ್ಮಾನ. ಹೋಗುವಾಗ ರೇಷನ್ ಕಾರ್ಡು, ಆಧಾರ್ ಜೊತೆಗೆ ಒಯ್ಯಿರಿ. ಬಿಪಿಎಲ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ ಇದೆ.

ಬೆಟಗೇರಿ ಮಗಳು

ಬುಧವಾರ ಬೇರೆ ಆಸ್ಪತ್ರೆಯಲ್ಲಿ ತೋರಿಸಲು ಹೋಗುತ್ತಿದ್ದೇವೆ. ಅಪ್ಪ ಒಪ್ಪಿದ್ದಾರೆ. ಅಲ್ಲಿ ಮತ್ತೆ ಬಯಾಪ್ಸಿ ಮಾಡುತ್ತಾರಾ? ಇನ್ನೊಂದು ಸಲ ಕೊಯ್ಯಿಸಿಕೊಳ್ಳಲು ಅಪ್ಪನಿಗೆ ಭಯ.

ಲ್ಯಾಬ್ ಅಕ್ಕ, ಹುಬ್ಬಳ್ಳಿ

ಮೊದಲು ಬಯಾಪ್ಸಿ ಮಾಡಿದ ಲ್ಯಾಬಿಗೆ ಹೋಗಿ ಸ್ಲೈಡ್ ಮತ್ತು ಬ್ಲಾಕ್ ಎರಡನ್ನೂ ಕೇಳಿ. ಬರೆಸಿಕೊಂಡು, ಸಹಿ ತಗೊಂಡು ಕೊಡುತ್ತಾರೆ. ಅದೇ ಬ್ಲಾಕಿನಿಂದ ಅಲ್ಲಿಯವರು ಹೊಸದಾಗಿ ಕೊಯ್ದು ನೋಡಬಹುದು, ಹಾಗಾಗಿ ಹೆಚ್ಚಾಗಿ ಮತ್ತೆ ಚೂರು ತೆಗೆಯಬೇಕಾಗುವುದಿಲ್ಲ. ಸ್ಲೈಡುಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬ್ಲಾಕ್ ಮಾತ್ರ ಬಸ್ಸಿನ ಕಿಟಕಿ ಕಡೆ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತದೆ. ಚೀಲದ ಒಳಗೆ, ಬುತ್ತಿಯಿಂದ ದೂರ.